ಬೇಡವೆಂದ ಪುಸ್ತಕ ಬೇಕೆನಿಸುವುದೇಕೆ?

(ಬೆಟಗೇರಿಯ ಓದುಗರ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಗಿರಣಿಯಲ್ಲಿ, ಮಗ್ಗದ ಮುಂದೆ, ಅಂಗಡಿಯ ತಕ್ಕಡಿಯ ಮುಂದೆ ದುಡಿದು ಬಂದವರು ತಾವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದಲೂ ಕೆಲವರು ಬಸ್ಸು ಹಿಡಿದು ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಸೀಮೆಯ ಒಂದು ವಾಚನಾಲಯದಲ್ಲಿ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳನ್ನು ಕಪಾಟಿನಿಂದ ತೆಗೆಯಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಅದು ಹೊಲಸು ಬರವಣಿಗೆ, ಗುರುನಿಂದೆ ಎಂಬುದು ಅವರ ದೂರು. ಕೇಳಲಿಕ್ಕೆ ಸಣ್ಣ ಸಂಗತಿ. ಆದರೆ ದುಡಿಯುವವನು ಏನನ್ನು ಓದಬೇಕೆಂದು ನಿಶ್ಚಯಿಸುವವರು ಯಾರು ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಕಟ್ಟೀಮನಿಯವರು 1919ರಲ್ಲಿ ಗೋಕಾಕ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಧುಮುಕಿ ಹಿಂಡಲಗಾ ಜೈಲನ್ನು ಕಂಡವರು. ಪತ್ರಿಕಾ ಕಚೇರಿಗಳಲ್ಲಿ ದುಡಿದು ಹೊಟ್ಟೆ ಹೊರೆದವರು. ತಾವು ಕಂಡುಂಡದ್ದನ್ನೇ ಅವರು ಬರೆದರು. ಆ ಚಳವಳಿಯ ಬೆಂಕಿ 'ಮಾಡಿ ಮಡಿದವರು' ಆಯಿತು. ಮಠಗಳ ಜರತಾರಿ ಆಡಂಬರವನ್ನು ಕಂಡ ರೋಷ 'ಜರತಾರಿ ಜಗದ್ಗುರು' ಆಯಿತು. ಈ ಎರಡನೆಯದೇ ಇಂದಿಗೂ ಕೆಲವರ ಕಣ್ಣಲ್ಲಿ ಕಸವಾಗಿದೆ. 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 1989ರಲ್ಲಿ ತೀರಿಕೊಂಡರು. ನಾಡೇ ಮನ್ನಿಸಿದ ಈ ಲೇಖಕರಿಗೆ ನಮ್ಮ ಕಪಾಟಿನಲ್ಲಿ ಮಾತ್ರ ಸ್ಥಳವಿಲ್ಲವೇ?

ಬೇಡವೆಂದ ಪುಸ್ತಕದತ್ತ ಕೈ ತಾನಾಗಿ ಹೋಗುತ್ತದೆ, ನಿಜ. ಆದರೆ ಆ ಕುತೂಹಲ ಹತ್ತು ಪುಟ ದಾಟಿಸೀತು, ಮುನ್ನೂರು ಪುಟ ದಾಟಿಸಲಾರದು. ಮುಂದೆ ನಮ್ಮನ್ನು ಹಿಡಿದಿಡುವುದು ಬೇರೆಯೇ.

ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ಹೆನ್ರಿ ಮಿಲ್ಲರ್ 1891ರಲ್ಲಿ ಹುಟ್ಟಿದ, ದರ್ಜಿಯ ಮಗ. ನ್ಯೂಯಾರ್ಕಿನ ತಂತಿ ಕಂಪನಿಯೊಂದರಲ್ಲಿ ಓಡಾಳು ಹುಡುಗರನ್ನು ಕೆಲಸಕ್ಕೆ ಹಚ್ಚುವುದು, ತೆಗೆಯುವುದು ಅವನ ನೌಕರಿಯಾಗಿತ್ತು. ಅದನ್ನು ಬಿಟ್ಟು, ಮುಂದೆ ಪ್ಯಾರಿಸ್ಸಿನಲ್ಲಿ ಉಪವಾಸ ಬಿದ್ದು, ತನ್ನ ಬಾಳನ್ನೇ ಕಾದಂಬರಿ ಮಾಡಿದ. 1934ರಲ್ಲಿ ಬಂದ 'ಟ್ರಾಪಿಕ್ ಆಫ್ ಕ್ಯಾನ್ಸರ್' ಅವನ ದೇಶದಲ್ಲಿ ಅಚ್ಚಾದದ್ದು 1961ರಲ್ಲಿ. ಅಲ್ಲಿಯವರೆಗೆ ನಿಷೇಧ. ಅಚ್ಚಾದ ಮೇಲೂ ಊರೂರಲ್ಲಿ ಮೊಕದ್ದಮೆ. 1964ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಬಿಡುಗಡೆ ಮಾಡಿತು.

ಹೊಲಸನ್ನು ಹುಡುಕಿ ಹೋದವನಿಗೆ ಅದರಲ್ಲಿ ಹೊಲಸೂ ಸಿಕ್ಕುತ್ತದೆ. ಹೆಂಗಸರನ್ನು ಹೀನವಾಗಿ ಕಾಣುವ ಮಾತುಗಳಿವೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅದರಲ್ಲೇ ಒಬ್ಬ ಹಸಿದವನು ವಾರದ ಒಂದೊಂದು ದಿನ ಒಬ್ಬೊಬ್ಬ ಗೆಳೆಯನ ಮನೆಯ ಊಟವನ್ನು ಗೊತ್ತುಮಾಡಿಕೊಳ್ಳುತ್ತಾನೆ. ನಮ್ಮ ಬಡ ಹುಡುಗರ ವಾರಾನ್ನವೇ ಅದು! ಹಸಿವನ್ನು ಹೀಗೆ ಲೆಕ್ಕ ಹಾಕಿ ಹೇಳಿದವನನ್ನು ಹಸಿದವನು ಗುರುತಿಸದೆ ಇರುತ್ತಾನೆಯೇ? ಈ ಬರಹಗಾರರ ಸೆಳೆತವೆಲ್ಲ ಇಲ್ಲಿದೆ. ನಾಚಿಕೆಯೆಂದು ನಾವು ಒಳಗಿಟ್ಟುಕೊಂಡದ್ದನ್ನು ಅವರು 'ನನಗೂ ಆಯಿತು' ಎಂದು ಬಹಿರಂಗವಾಗಿ ಹೇಳುತ್ತಾರೆ.

ವ್ಯಾಪಾರಿ ಬಂಧುಗಳು ಇನ್ನೊಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಅದೇ 1964ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಮುಂಬಯಿಯ ಒಂದು ಪುಸ್ತಕದಂಗಡಿಯ ಖಟ್ಲೆ ಬಂತು. ಇಂಗ್ಲೆಂಡಿನ ಲಾರೆನ್ಸನ 'ಲೇಡಿ ಚಾಟರ್ಲೀಸ್ ಲವರ್' ಮಾರಿದ್ದಕ್ಕೆ ಅಂಗಡಿಯ ಪಾಲುದಾರರಿಗೆ ತಲಾ 20 ರೂಪಾಯಿ ದಂಡವಾಗಿತ್ತು. ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಬರೆದವನು ಎಲ್ಲಿಯೋ, ಸಿಕ್ಕಿಬಿದ್ದವನು ಗಲ್ಲೆಯ ಮೇಲೆ ಕೂತವನು! 1969ರಲ್ಲಿ ಕಾಯಿದೆ ತಿದ್ದಿ, ಸಾಹಿತ್ಯ, ಕಲೆ, ವಿಜ್ಞಾನಗಳ ಹಿತಕ್ಕಾಗಿ ಬಂದ ಪುಸ್ತಕಗಳಿಗೆ ವಿನಾಯಿತಿ ಕೊಟ್ಟರು.

ಇನ್ನು ಗುರುನಿಂದೆಯ ಮಾತು. ಇದೇ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾಗುವವರೆಗೂ ಪುಸ್ತಕ ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟರು. ಓದನ್ನು ಬೆಳೆಸಿದ ಮಠಕ್ಕೆ ಒಂದು ಕಾದಂಬರಿಯಿಂದ ಭಂಗ ಬರುವುದಿಲ್ಲ. ಜರತಾರಿಯ ಮೇಲಿನ ಟೀಕೆ ಚುಚ್ಚುವುದು ಜರತಾರಿ ಹೊದ್ದವನಿಗೆ ಮಾತ್ರ.

ಕಟ್ಟೀಮನಿಯವರು ಬರೆದದ್ದೆಲ್ಲ ಶ್ರೇಷ್ಠವೆಂದು ನಮ್ಮ ವಾದವಲ್ಲ. ಅವಸರದಲ್ಲಿ ಬರೆದದ್ದು ಇದೆ, ಕೂಗಿ ಹೇಳಿದ್ದು ಇದೆ. ಆದರೆ ಅದನ್ನು ಹೇಳುವ ಹಕ್ಕು ಓದಿದವನದು. ಕಪಾಟಿಗೆ ಕೀಲಿ ಹಾಕುವವನದಲ್ಲ. ಕೂಲಿಯವನಿಗೆ ಇದು ತಿಳಿಯದು, ಅವನು ಕೆಟ್ಟುಹೋಗುತ್ತಾನೆ ಎನ್ನುವವರು ನಮ್ಮನ್ನು ಮಕ್ಕಳೆಂದು ಎಣಿಸಿದ್ದಾರೆ. ಕೂಲಿ ಹೆಚ್ಚಿಸಿರೆಂದಾಗಲೂ ಇದೇ ಧ್ವನಿಯಲ್ಲಿ ಉತ್ತರ ಬರುತ್ತದೆಂಬುದನ್ನು ಮರೆಯಬೇಡಿ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ವಾಚನಾಲಯದ ಸಭೆಗೆ ಸದಸ್ಯರೆಲ್ಲರೂ ತಪ್ಪದೆ ಹೋಗಿರಿ. ಹೋಗುವ ಮುನ್ನ ಆ ಕಾದಂಬರಿಗಳಲ್ಲಿ ಒಂದನ್ನಾದರೂ ಓದಿರಿ. ಓದು ಬಾರದ ಸಂಗಾತಿಗೆ ಓದಿ ಹೇಳಿರಿ. ಬೇಕಾದರೆ ಬಯ್ಯಿರಿ, ಆದರೆ ಓದಿ ಬಯ್ಯಿರಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದತ್ತ ಕೈ ಎತ್ತಿರಿ.