ಗಾಯದ ಕಟ್ಟು ಬಿಚ್ಚುವ ದಿನ



ನಮ್ಮ ಲೈನ್ ಮನೆಗಳಲ್ಲಿ ಒಲೆಯ ಪಕ್ಕದಲ್ಲೇ ಮಗು ಆಡುತ್ತಿರುತ್ತದೆ. ಬಿಸಿ ನೀರೋ ಟೀಯೋ ಮೈಮೇಲೆ ಚೆಲ್ಲಲು ಒಂದು ಗಳಿಗೆ ಸಾಕು. ಕೂಡಲೇ 20 ನಿಮಿಷ ತಣ್ಣೀರು ಹರಿಯಬಿಡಬೇಕು. ಶಾಯಿ, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಇದು ನಿಮಗೆ ಗೊತ್ತು. ನಾನು ಹೇಳಬೇಕೆಂದಿರುವುದು ಆಮೇಲಿನ ನೋವಿನ ಮಾತು. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಕಟ್ಟು ಬಿಚ್ಚಿ, ಗಾಯ ತೊಳೆದು, ಹೊಸದು ಕಟ್ಟುತ್ತಾರಲ್ಲ, ಆ ನೋವು.

ನಾನು ನರ್ಸ್ ಕೆಲಸಕ್ಕೆ ಸೇರಿದ ಹೊಸತು. 4 ವರ್ಷದ ಒಬ್ಬ ಹುಡುಗಿಯ ತಾಯಿಯನ್ನು ಹೊರಗೆ ನಿಲ್ಲಿಸಿ, ಅವಳ ಕೈಕಾಲು ಅದುಮಿ ಹಿಡಿದೆವು. "ಏನೂ ನೋಯೋದಿಲ್ಲ ಪುಟ್ಟೀ" ಎಂದವಳು ನಾನೇ. ಒಣಗಿ ಅಂಟಿದ್ದ ಬಟ್ಟೆಯನ್ನು ಹಾಗೆಯೇ ಎಳೆದೆವು. ಮರುದಿನದಿಂದ ಟ್ರೇ ಸದ್ದು ಕೇಳಿದರೆ ಸಾಕು, ಮಂಚದಡಿ ಸೇರುತ್ತಿದ್ದಳು.

ಎಳೆಯ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆ ಡಾಕ್ಟರರಲ್ಲೂ ಬಹುಕಾಲ ಇತ್ತು. ತಿಂಗಳು ತುಂಬದೆ ಹುಟ್ಟಿದ ಕೂಸಿಗೂ ಆಪರೇಷನ್ನಿನಲ್ಲಿ ನೋವಿನ ಮದ್ದು ಕೊಟ್ಟರೆ ಅದರ ದೇಹ ಕಡಿಮೆ ತತ್ತರಿಸುತ್ತದೆ ಎಂದು ಭಾರತದಿಂದ ಹೋದ ಡಾ. ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಇಂಗ್ಲೆಂಡಿನಿಂದ ತೋರಿಸಿಕೊಟ್ಟರು.

ಆದ್ದರಿಂದ ಬಾಯಿ ಬಿಟ್ಟು ಕೇಳಿ: "ಕಟ್ಟು ಬಿಚ್ಚುವ ಮೊದಲು ನೋವಿನ ಮದ್ದು ಕೊಟ್ಟಿದ್ದೀರಾ?" ಹೀಗೆ ಕೇಳುವ ಹಕ್ಕು ಬಂಗಲೆಯವರಿಗೆ ಮಾತ್ರ ಇರುವುದಲ್ಲ. ಬಾಯಿಗೆ ಹಾಕಿದ ಮದ್ದು ಕೆಲಸ ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ದೊಡ್ಡ ಗಾಯಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಲದು. ಮಾರ್ಫಿನ್, ಕೆಟಮಿನ್‌ಗಳನ್ನು ಡಾಕ್ಟರೇ ತೂಕ ನೋಡಿ, ಉಸಿರು ಗಮನಿಸುತ್ತ ಕೊಡಿಸಬೇಕು. ಮನೆಯಲ್ಲಿರುವ ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಅಂಟಿದ ಬಟ್ಟೆಯನ್ನು ನೆನೆಸಿ ಬಿಡಿಸಲು ಹೇಳಿ.

ಅಂದಿನ ಹಾಜರಿ ಹೋದರೂ ತಾಯಿಯೋ ತಂದೆಯೋ ಜೊತೆಗಿರಿ. ಮಲಗಿಸಿ ಅದುಮುವುದಕ್ಕಿಂತ ಮಡಿಲಲ್ಲಿ ಕೂರಿಸಿಕೊಳ್ಳುವುದು ಮೇಲು. "ಸ್ವಲ್ಪ ನೋಯುತ್ತೆ ಕಂದಾ, ನಾನಿಲ್ಲೇ ಇರ್ತೀನಿ" ಎಂದು ನಿಜ ಹೇಳಿ. ಸಡಿಲವಾದ ತುದಿಯನ್ನು ಅದೇ ಬಿಚ್ಚಲಿ. "ನಿಲ್ಸಿ" ಎಂದರೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಲು ನರ್ಸಮ್ಮನನ್ನು ಕೇಳಿಕೊಳ್ಳಿ. ಕಥೆ ಹೇಳಿ. ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟಗಾಯದವರ ಕಣ್ಣಿಗೆ ಯಂತ್ರ ಕಟ್ಟಿ, ಹಿಮದುಂಡೆ ಎಸೆಯುವ ಆಟ ತೋರಿಸಿ ನೋವು ತಗ್ಗಿಸಿದರು. ನಮ್ಮಲ್ಲಿ ಅಜ್ಜಿಯ ಕಥೆ ಇದೆಯಲ್ಲ! ಆದರೆ ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ.

ಆ ಹುಡುಗಿಯ ತಾಯಿಯನ್ನು ಕೊನೆಗೆ ಹಿರಿಯ ಸಿಸ್ಟರ್ ಒಬ್ಬರು ಒಳಗೆ ಕರೆದು, ಸ್ಟೂಲ್ ಕೊಟ್ಟು ಕೂರಿಸಿದರು. ಮಗು ಅಂದೂ ಅತ್ತಿತು. ಮಂಚದಡಿಗೆ ಮಾತ್ರ ಓಡಲಿಲ್ಲ.