ಕುಣಿದ ಕಾಲುಗಳ ಸಾಕ್ಷಿ

ರಾಕ್ ಅಂಡ್ ರೋಲ್ ಸಂಗೀತದ ಮೊದಲ ವರ್ಷಗಳಲ್ಲಿ, ಅಂದರೆ 1950ರ ದಶಕದ ನಡುವಿನಿಂದ ಕೊನೆಯವರೆಗೆ, ಅಮೆರಿಕ ಮತ್ತು ಬ್ರಿಟನ್ನಿನ ಹುಡುಗ ಹುಡುಗಿಯರು ಕೈ ಕೈ ಹಿಡಿದು, ಬೆವರು ಸುರಿಸಿ ಕುಣಿದ ಜೋಡಿ ಕುಣಿತವೇ ಇವತ್ತಿನ ವಿಷಯ. ಅಮೆರಿಕದವರು ಅದನ್ನು ಜಿಟರ್‌ಬಗ್ ಎಂದರು, ಬ್ರಿಟನ್ನಿನವರು ಜೈವ್ ಎಂದರು. ಅಂದು ಹದಿಹರೆಯದಲ್ಲಿದ್ದವರು ಈಗ ಎಂಬತ್ತರ ಆಚೆಗಿದ್ದಾರೆ. ಅವರು ಹೇಳಿದ, ಬರೆದಿಟ್ಟ ನೆನಪುಗಳಲ್ಲಿ ಹಾಡುಗಾರರ ಹೆಸರಷ್ಟೇ ಬರುವುದಿಲ್ಲ. ಯಾರ ಜೊತೆ ಕುಣಿದರೆ ಹೆಜ್ಜೆ ತಾನಾಗಿ ಬೀಳುತ್ತಿತ್ತು, ಯಾವ ಸಭಾಂಗಣದ ನೆಲ ಹದವಾಗಿ ಜಾರುತ್ತಿತ್ತು, ಯಾವ ತಿರುವನ್ನು ಯಾರಿಂದ ಕಲಿತದ್ದು ಎಂಬ ಸಣ್ಣ ಸಣ್ಣ ವಿವರಗಳು ಮತ್ತೆ ಮತ್ತೆ ಬರುತ್ತವೆ. ಇಂಥ ಮಾತುಗಳನ್ನು ವಯಸ್ಸಾದವರ ಹಳಹಳಿಕೆ ಎಂದು ಬದಿಗೆ ಸರಿಸುವ ರೂಢಿಯಿದೆ. ಹಾಗೆ ಸರಿಸಬಾರದು ಎಂಬುದು ನನ್ನ ವಾದ. ಆ ಅಕ್ಕರೆಯ ಒಳಗೆ ಒಂದು ವಿದ್ಯೆಯ ದಾಖಲೆಯಿದೆ. ಮೈಯಿಂದ ಮೈಗೆ ಮಾತ್ರ ದಾಟಬಲ್ಲ ವಿದ್ಯೆ ಅದು. ಆದ್ದರಿಂದ ಆ ನೆನಪನ್ನು ಸಾಕ್ಷಿಯೆಂದು ತೆಗೆದುಕೊಳ್ಳಬೇಕು, ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವಂತೆ ಪರೀಕ್ಷಿಸಲೂಬೇಕು.

ಮೊದಲು ಕುಣಿತವನ್ನೇ ಹತ್ತಿರದಿಂದ ನೋಡೋಣ. ಹುಡುಗನ ಎಡಗೈ ಹುಡುಗಿಯ ಬಲಗೈಯನ್ನು ಸೊಂಟದ ಮಟ್ಟದಲ್ಲಿ ಹಿಡಿದಿರುತ್ತದೆ. ಬಿಗಿ ಹಿಡಿತವಲ್ಲ, ಬೆರಳಿಗೆ ಬೆರಳಿನ ಕೊಂಡಿ. ಒಂದು ಪಕ್ಕಕ್ಕೆ ಮೂರು ಚುರುಕು ಹೆಜ್ಜೆ, ಎರಡು ಮಾತ್ರೆ. ಇನ್ನೊಂದು ಪಕ್ಕಕ್ಕೆ ಅಂಥದೇ ಮೂರು ಹೆಜ್ಜೆ, ಮತ್ತೆರಡು ಮಾತ್ರೆ. ಕೊನೆಯ ಎರಡು ಮಾತ್ರೆಯಲ್ಲಿ ಇಬ್ಬರೂ ಒಂದೊಂದು ಕಾಲನ್ನು ಹಿಂದಿಟ್ಟು, ಮೈಭಾರವನ್ನು ಹಿಂದಕ್ಕೆ ಕೊಟ್ಟು, ಕೂಡಲೇ ಮುಂದಕ್ಕೆ ತರುತ್ತಾರೆ. ಗುಟ್ಟೆಲ್ಲ ಇರುವುದು ಈ ಹಿಂದಿನ ಹೆಜ್ಜೆಯಲ್ಲಿ. ತೋಳುಗಳು ಬಿಗಿಯಾಗುತ್ತವೆ, ಆದರೂ ಯಾರೂ ಯಾರನ್ನೂ ಎಳೆಯುವುದಿಲ್ಲ. ಎರಡು ಮೈಗಳ ಭಾರ ಪರಸ್ಪರ ತೂಗಿ ನಿಲ್ಲುತ್ತದೆ. ಎದುರಿನವರ ಭಾರ ಯಾವ ಕಾಲಿನ ಮೇಲಿದೆ, ಅವರು ಯಾವ ಕಡೆ ಹೊರಳಲು ಸಿದ್ಧರಿದ್ದಾರೆ ಎಂಬುದು ಆ ಅರೆಕ್ಷಣದಲ್ಲಿ ಅಂಗೈಗೆ ತಿಳಿಯುತ್ತದೆ. ಮುಂದಿನ ತಿರುವು ಅಲ್ಲಿಯೇ ತೀರ್ಮಾನವಾಗುತ್ತದೆ. ಮೊದಲೇ ಬರೆದಿಟ್ಟ ಮಾತಿಲ್ಲದೆ, ಎದುರಾಳಿಯ ಮಾತಿನ ಎಳೆ ಹಿಡಿದು ಉತ್ತರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳನ್ನು ಬಲ್ಲವರಿಗೆ ಇದರ ಸ್ವರೂಪ ಥಟ್ಟನೆ ಹೊಳೆಯುತ್ತದೆ.

ತಾಳದ ಲೆಕ್ಕವೂ ಸೊಗಸಾದದ್ದು. ಹೆಜ್ಜೆಯ ಸುತ್ತು ಆರು ಮಾತ್ರೆಯದು, ಹಾಡಿನ ಆವರ್ತ ನಾಲ್ಕು ಮಾತ್ರೆಯದು. ಎರಡೂ ಒಟ್ಟಿಗೆ ಮುಗಿಯುವುದಿಲ್ಲ. ಹೆಜ್ಜೆ ಆವರ್ತದ ಗಡಿಯನ್ನು ದಾಟಿ ಹೋಗಿ, ಎರಡು ಸುತ್ತು ಮುಗಿದಾಗ ಮೂರನೆಯ ಆವರ್ತದ ಕೊನೆಯಲ್ಲಿ ಹಾಡನ್ನು ಕೂಡಿಕೊಳ್ಳುತ್ತದೆ. ಗಾಯಕ ಬಿಲ್ ಹೇಲಿ 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ರಾಕ್ ಅರೌಂಡ್ ದಿ ಕ್ಲಾಕ್’ ಬ್ಲೂಸ್ ಸಂಪ್ರದಾಯದ ಹನ್ನೆರಡು ಆವರ್ತದ ಚೌಕಟ್ಟಿನಲ್ಲಿದೆ. ಹನ್ನೆರಡು ನಾಲ್ಕಲಿ 48 ಮಾತ್ರೆ; ಅದರಲ್ಲಿ ಆರು ಮಾತ್ರೆಯ ಸುತ್ತು ಸರಿಯಾಗಿ ಎಂಟು ಸಲ ಕೂರುತ್ತದೆ. ಆ ಹಾಡಿನ ವೇಗ ನಿಮಿಷಕ್ಕೆ ಸುಮಾರು 180 ಪೆಟ್ಟು. ಅಂದರೆ ಒಂದು ಸುತ್ತಿಗೆ ಎರಡೇ ಸೆಕೆಂಡು, ಇಡೀ ಚೌಕಟ್ಟಿಗೆ ಹದಿನಾರು. ಅಷ್ಟರೊಳಗೆ ಕೈ ಬದಲಾಯಿಸಬೇಕು, ಜೊತೆಗಾತಿಯನ್ನು ತೋಳಿನಡಿ ತಿರುಗಿಸಬೇಕು, ಪಕ್ಕದ ಜೋಡಿಗೆ ತಾಗದಂತೆ ನೋಡಿಕೊಳ್ಳಬೇಕು, ತಾಳ ತಪ್ಪಬಾರದು. 1956ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದಾಗ ಬ್ರಿಟನ್ನಿನ ಕೆಲವು ಊರುಗಳ ಪೌರಸಭೆಗಳು ಅದರ ಪ್ರದರ್ಶನವನ್ನೇ ನಿಷೇಧಿಸಿದವು. ಕೆಲವು ನೃತ್ಯಶಾಲೆಗಳಲ್ಲಿ ಜೈವ್ ಕುಣಿಯಬಾರದೆಂಬ ಫಲಕಗಳು ತೂಗಿದ್ದವು. ಹೊರಗೆ ನಿಂತು ನೋಡಿದ ಹಿರಿಯರಿಗೆ ಕಂಡದ್ದು ಲಂಗುಲಗಾಮಿಲ್ಲದ ಚೆಲ್ಲಾಟ. ಒಳಗಿದ್ದು ಕುಣಿದವರು ನೆನೆಯುವುದು ಅಭ್ಯಾಸ, ಲೆಕ್ಕ, ಎಚ್ಚರ. ಈ ವಿಷಯದಲ್ಲಿ ನಾನು ಕುಣಿದವರನ್ನೇ ನಂಬುತ್ತೇನೆ.

ಇಷ್ಟು ಹದಗೊಂಡ ವಿದ್ಯೆ ಒಂದೆರಡು ವರ್ಷದಲ್ಲಿ ಹುಟ್ಟುವುದಲ್ಲ. ರಾಕ್ ಅಂಡ್ ರೋಲ್ ಹಾಡಿನೊಂದಿಗೇ ಈ ಕುಣಿತವೂ ಹುಟ್ಟಿತು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಕುಣಿತ ಹಾಡಿಗಿಂತ ಕಾಲು ಶತಮಾನ ಹಿರಿದು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ 1926ರಲ್ಲಿ ಸವಾಯ್ ಬಾಲ್‌ರೂಂ ತೆರೆಯಿತು. ಲೆನಾಕ್ಸ್ ಅವೆನ್ಯೂದಲ್ಲಿ 140ನೇ ಬೀದಿಯಿಂದ 141ನೇ ಬೀದಿಯವರೆಗೆ ಹಬ್ಬಿದ್ದ ಆ ಕಟ್ಟಡದ ಮೇಲಂತಸ್ತಿನಲ್ಲಿ, ಒಂದು ವಾದ್ಯವೃಂದ ನಿಲ್ಲಿಸಿದೊಡನೆ ಇನ್ನೊಂದು ಎತ್ತಿಕೊಳ್ಳಲು ಎರಡು ವೇದಿಕೆಗಳಿದ್ದವು. ಕಪ್ಪು ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಅಪರೂಪದ ಜಾಗ ಅದು. ಈ ಕುಣಿತದ ಮೂಲರೂಪವಾದ ಲಿಂಡಿ ಹಾಪ್ ಬೆಳೆದದ್ದು ಅಲ್ಲಿ. 1935ರಲ್ಲಿ ಅಲ್ಲಿನ ಕುಣಿತಗಾರರಾದ ಫ್ರಾಂಕಿ ಮ್ಯಾನಿಂಗ್ ಮತ್ತು ಫ್ರೀಡಾ ವಾಷಿಂಗ್ಟನ್ ಒಂದು ಸ್ಪರ್ಧೆಯಲ್ಲಿ ಹೊಸದೊಂದನ್ನು ತೋರಿಸಿದರು. ಅವನ ಬೆನ್ನಿಗೆ ಬೆನ್ನು ಕೊಟ್ಟ ಆಕೆ ಉರುಳಿ, ಗಾಳಿಯಲ್ಲಿ ತಿರುಗಿ, ತಾಳಕ್ಕೆ ಸರಿಯಾಗಿ ನೆಲಕ್ಕಿಳಿದಳು. ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಅದನ್ನು ಅಭ್ಯಾಸ ಮಾಡಿದ್ದನ್ನು ಮ್ಯಾನಿಂಗ್ ಮುಂದೆ ವಿವರಿಸಿದ್ದಾರೆ. 1941ರ ‘ಹೆಲ್ಜಪಾಪಿನ್’ ಚಲನಚಿತ್ರದಲ್ಲಿ ಅವರ ತಂಡದ ಕುಣಿತ ಕೆಲವೇ ನಿಮಿಷ ಇದೆ. ಅದನ್ನು ನೋಡಿದ ಮೇಲೆ 1950ರ ದಶಕದ ಯಾವ ತಿರುವೂ ಹೊಸದೆನಿಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಈ ಕುಣಿತವನ್ನು ಬ್ರಿಟನ್ನಿಗೆ ಒಯ್ದರು. ಹತ್ತು ವರ್ಷದ ನಂತರ ಹೇಲಿಯ ಹಾಡು ಬಂದಾಗ ಕಾಲುಗಳು ಆಗಲೇ ಸಿದ್ಧವಾಗಿದ್ದವು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹದಿನೇಳರ ಹರೆಯದಲ್ಲಿ ಮಾಡಿದ್ದೆಲ್ಲ ಎಂಬತ್ತರಲ್ಲಿ ಚಿನ್ನವಾಗಿ ಕಾಣುತ್ತದೆ. ಅವರು ಪ್ರೀತಿಸುವುದು ತಮ್ಮ ಯೌವನವನ್ನು, ಕುಣಿತ ಬರೀ ನೆಪ. ಗಟ್ಟಿಯಾದ ಆಕ್ಷೇಪ, ಅರ್ಧ ನಿಜ ಕೂಡ. ಆದರೆ ಬರೀ ಯೌವನದ ಹಂಬಲವನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ, ವಿದ್ಯೆಯನ್ನು ಕೊಡಬಹುದು. ಮ್ಯಾನಿಂಗ್ ಅವರ ಬಾಳೇ ಇದಕ್ಕೆ ಪುರಾವೆ. ಲಿಂಡಿ ಹಾಪ್‌ನ ಕಾಲ ಮುಗಿದ ಮೇಲೆ ಅವರು ನ್ಯೂಯಾರ್ಕಿನ ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷದಷ್ಟು ದುಡಿದರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದಲೂ ಸ್ವೀಡನ್‌ನಿಂದಲೂ ತರುಣರು ಹಳೆಯ ಸವಾಯ್ ಕುಣಿತಗಾರರನ್ನು ಹುಡುಕಿಕೊಂಡು ಬಂದರು. ಆಗ ಎಪ್ಪತ್ತರ ಹರೆಯದಲ್ಲಿದ್ದ ಮ್ಯಾನಿಂಗ್ ಮತ್ತೆ ಕಲಿಸತೊಡಗಿದರು. 1989ರಲ್ಲಿ ‘ಬ್ಲ್ಯಾಕ್ ಅಂಡ್ ಬ್ಲೂ’ ಎಂಬ ಬ್ರಾಡ್‌ವೇ ಪ್ರದರ್ಶನದ ನೃತ್ಯ ಸಂಯೋಜನೆಗೆ ಟೋನಿ ಪ್ರಶಸ್ತಿ ಹಂಚಿಕೊಂಡರು. 2009ರಲ್ಲಿ, ತೊಂಬತ್ತೈದು ತುಂಬಲು ಒಂದು ತಿಂಗಳಿದ್ದಾಗ ತೀರಿಕೊಳ್ಳುವವರೆಗೂ ದೇಶದೇಶಗಳಲ್ಲಿ ಪಾಠ ಹೇಳಿದರು. ಸ್ವೀಡನ್ನಿನ ಹೆರೆಂಗ್ ಎಂಬ ಪುಟ್ಟ ಊರಿನಲ್ಲಿ 1982ರಲ್ಲಿ ಶುರುವಾದ ಬೇಸಿಗೆ ಶಿಬಿರ ಈ ಕುಣಿತ ಕಲಿಯುವವರ ಯಾತ್ರಾಸ್ಥಳದಂತಾಯಿತು. ಬೇರೆ ಭಾಷೆಯ, ಬೇರೆ ಬಣ್ಣದ, ಎರಡು ತಲೆಮಾರು ಕಿರಿಯರಾದವರ ಕಾಲಿಗೆ ಒಬ್ಬ ಮುದುಕರ ನೆನಪು ಇಳಿಯಿತು ಎಂದರೆ ಆ ನೆನಪಿನಲ್ಲಿ ಹಂಬಲಕ್ಕಿಂತ ಹೆಚ್ಚಿನದೇನೋ ಇತ್ತೆಂದೇ ಅರ್ಥ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು: ಈ ಸಿಹಿ ನೆನಪು ತನಗೆ ಬೇಕಾದ್ದನ್ನಷ್ಟೇ ಉಳಿಸಿಕೊಂಡಿದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ‘ಲೈಫ್’ ಪತ್ರಿಕೆ 1943ರ ಆಗಸ್ಟ್‌ನಲ್ಲಿ ಲಿಂಡಿ ಹಾಪ್ ಅನ್ನು ಅಮೆರಿಕದ ಜನಪದ ನೃತ್ಯವೆಂದು ಕೊಂಡಾಡಿತು. ಮುಖಪುಟದಲ್ಲಿ ಕುಣಿಯುತ್ತಿದ್ದದ್ದು ಬಿಳಿಯ ಜೋಡಿ. ಹಾರ್ಲೆಮ್‌ನ ಲಿಯೊನ್ ಜೇಮ್ಸ್ ಮತ್ತು ವಿಲ್ಲಾ ಮೇ ರಿಕರ್ ಒಳಪುಟಗಳಲ್ಲಿದ್ದರು. ಅದೇ ವರ್ಷ ಅಧಿಕಾರಿಗಳು ಅನೈತಿಕತೆಯ ಆರೋಪ ಹೊರಿಸಿ ಸವಾಯ್ ಅನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿಸಿದ್ದರು. ಕಪ್ಪು ಬಿಳಿಯರು ಬೆರೆಯುವುದೇ ನಿಜವಾದ ತಕರಾರು ಎಂದು ಹಾರ್ಲೆಮ್‌ನ ಜನ ಅಂದೇ ಹೇಳಿದರು. ರಾಕ್ ಅಂಡ್ ರೋಲ್ ಕಾಲಕ್ಕೆ ಬಂದರೂ ಕಥೆ ಬೇರೆಯಲ್ಲ. ಫಿಲಡೆಲ್ಫಿಯಾದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಟಿವಿ ಕುಣಿತದ ಕಾರ್ಯಕ್ರಮ 1957ರ ಆಗಸ್ಟ್ 5ರಿಂದ ದೇಶಾದ್ಯಂತ ಪ್ರಸಾರವಾಯಿತು. ಶಾಲೆ ಮುಗಿಸಿ ಬಂದ ಮಕ್ಕಳು ಟಿವಿ ಮುಂದೆ ನಿಂತು ಅದರ ಹೆಜ್ಜೆಗಳನ್ನು ಅನುಕರಿಸಿದರು, ಬಹಳ ಜನರ ಅಕ್ಕರೆಯ ನೆನಪು ಶುರುವಾಗುವುದೇ ಅಲ್ಲಿಂದ. ಆದರೆ ಅದೇ ಊರಿನ ಕಪ್ಪು ಹುಡುಗ ಹುಡುಗಿಯರಿಗೆ ಆ ಸ್ಟುಡಿಯೋದ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಪಕ್ಕದ ಡೆಲವೇರ್‌ನ ವಿಲ್ಮಿಂಗ್ಟನ್‌ನಿಂದ ಮಿಚ್ ಥಾಮಸ್ ಎಂಬ ಕಪ್ಪು ನಿರೂಪಕರು ನಡೆಸುತ್ತಿದ್ದ ಕಾರ್ಯಕ್ರಮದಲ್ಲಿ ಕಪ್ಪು ತರುಣರು ಕುಣಿಯುತ್ತಿದ್ದರು. ಅದನ್ನು ನೋಡಿ ಕಲಿತ ಕುಣಿತಗಳನ್ನು ಬಿಳಿಯ ಮಕ್ಕಳು ಬ್ಯಾಂಡ್‌ಸ್ಟ್ಯಾಂಡ್‌ಗೆ ಕೊಂಡೊಯ್ದರು, ಹೆಸರು ಬ್ಯಾಂಡ್‌ಸ್ಟ್ಯಾಂಡ್‌ಗೆ ಬಂತು. ಇದು ಅನ್ಯಾಯ, ಎಷ್ಟು ಅಕ್ಕರೆಯಿಂದ ನೆನೆದರೂ ಅನ್ಯಾಯವೇ. ಆದರೆ ಹೀಗೆಂದು ನೆನಪನ್ನು ತಳ್ಳಿಹಾಕಿದರೆ ಹಾರ್ಲೆಮ್‌ಗೆ ಮರಳುವ ದಾರಿಯನ್ನೂ ಕಳೆದುಕೊಳ್ಳುತ್ತೇವೆ. ಕುಣಿದವರ ಹೆಜ್ಜೆಯೇ ತನ್ನ ಮೂಲವನ್ನು ಹೇಳುತ್ತದೆ. ಇಬ್ಬರೂ ಮಂಡಿ ಸಡಿಲಿಸಿ ನೆಲಕ್ಕೆ ಹತ್ತಿರವಾಗುವುದು, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿನ ಮೇಲೆ ಒತ್ತು ಕೊಡುವುದು, ಜೋಡಿ ಬಿಚ್ಚಿಕೊಂಡಾಗ ಒಬ್ಬೊಬ್ಬರೂ ತಮ್ಮದೇ ಕುಸುರಿ ಸೇರಿಸುವುದು ಯುರೋಪಿನ ಬಾಲ್‌ರೂಂ ಕುಣಿತದಿಂದ ಬಂದ ಪದ್ಧತಿಗಳಲ್ಲ. ನೆನಪು ಮುಚ್ಚಿಟ್ಟದ್ದನ್ನು ಮೈ ಮುಚ್ಚಿಡುವುದಿಲ್ಲ.

ಗಂಡು ನಡೆಸುವುದು, ಹೆಣ್ಣು ಹಿಂಬಾಲಿಸುವುದು ಎಂಬ ಕಟ್ಟಳೆಯ ಬಗ್ಗೆಯೂ ಪ್ರಶ್ನೆ ಬರುತ್ತದೆ. ಕಟ್ಟಳೆ ಇದ್ದದ್ದು ಹೌದು, ಅದನ್ನು ಸಮರ್ಥಿಸುವ ಅಗತ್ಯ ನನಗಿಲ್ಲ. ಆದರೆ ಸವಾಯ್‌ನ ನಾರ್ಮಾ ಮಿಲ್ಲರ್ ಅವರ ಕುಣಿತ ನೋಡಿದವರು ಹಿಂಬಾಲಿಸುವುದನ್ನು ಅಧೀನತೆ ಎನ್ನಲಾರರು. ಇನ್ನೊಂದು ಮಾತು: ಹುಡುಗರು ನಾಚಿ ಗೋಡೆಗೆ ಒರಗಿ ನಿಂತಾಗ ಹುಡುಗಿಯರು ತಮ್ಮತಮ್ಮೊಳಗೇ ಜೋಡಿಯಾಗಿ ಕುಣಿದರು. ಹಾಗಾಗಿ ನಡೆಸುವುದು, ಹಿಂಬಾಲಿಸುವುದು ಎರಡನ್ನೂ ಬಲ್ಲವರು ಬಹುತೇಕ ಹುಡುಗಿಯರೇ.

ಇನ್ನು ಈ ಜೋಡಿ ಕುಣಿತ ಮರೆಯಾದದ್ದು ಹೇಗೆ? ಯುವಜನ ಸ್ವಾತಂತ್ರ್ಯ ಬಯಸಿ ಕೈ ಬಿಡಿಸಿಕೊಂಡರು ಎಂಬುದು ಸಾಮಾನ್ಯ ಉತ್ತರ. ಚಬ್ಬಿ ಚೆಕರ್ ಅವರ ‘ದಿ ಟ್ವಿಸ್ಟ್’ 1960ರ ಸೆಪ್ಟೆಂಬರ್‌ನಲ್ಲೊಮ್ಮೆ, 1962ರ ಜನವರಿಯಲ್ಲಿ ಮತ್ತೊಮ್ಮೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದಕ್ಕೆ ಕುಣಿಯಲು ಯಾರ ಕೈಯೂ ಬೇಡ. ಜೊತೆ ಸಿಗದೆ ಮೂಲೆಯಲ್ಲಿ ಉಳಿದಿದ್ದವರಿಗೆ ಟ್ವಿಸ್ಟ್ ನೆಲವನ್ನು ತೆರೆದುಕೊಟ್ಟಿತು. ಆ ಉಪಕಾರವನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ನೆಲವೇ ಕಡಿಮೆಯಾಗುತ್ತ ಬಂದಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1944ರಲ್ಲಿ ಅಮೆರಿಕ ಸರ್ಕಾರ ಕುಣಿತಕ್ಕೆ ಅವಕಾಶವಿದ್ದ ಊಟ ಪಾನೀಯದ ಜಾಗಗಳ ಮೇಲೆ ಶೇ. 30ರಷ್ಟು ತೆರಿಗೆ ಹೇರಿತು. ಅದು ಬೇಗನೆ ಶೇ. 20ಕ್ಕೆ ಇಳಿದರೂ ಹಲವು ಮಾಲೀಕರು ಕುಣಿತವನ್ನೇ ಕೈಬಿಟ್ಟರು. ಶಾಲೆಯ ಆಟದ ಮನೆಯ ಮೆರುಗು ಹಚ್ಚಿದ ನೆಲ ಹಾಳಾಗದಿರಲೆಂದು ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ಕುಣಿದ ಹದಿಹರೆಯದವರು ಅದನ್ನು ಇನ್ನೊಂದು ದಶಕ ಬದುಕಿಸಿದರು. ಸವಾಯ್ 1958ರಲ್ಲಿ ಮುಚ್ಚಿತು, ವಸತಿ ಸಮುಚ್ಚಯಕ್ಕಾಗಿ ಕಟ್ಟಡವನ್ನು ಕೆಡವಲಾಯಿತು. ಕಲಿಸುವ ಜಾಗ ಹೋದ ಮೇಲೆ ಕಲಿಯದೆ ಕುಣಿಯಬಹುದಾದ್ದು ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ನಾಡಿಗೂ ಇದರ ನಂಟಿದೆ. ಬೆಂಗಳೂರಿನ ದಂಡು ಪ್ರದೇಶ, ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿಯ ರೈಲ್ವೆ ಬಡಾವಣೆ, ಈ ಊರುಗಳ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಕ್ರಿಸ್ಮಸ್, ಹೊಸ ವರ್ಷವೆಂದರೆ ಕುಣಿತದ ಸಂಜೆಗಳು, ವಾಲ್ಟ್ಸ್ ಜೊತೆಗೆ ಜೈವ್. ‘ಆಶಾ’ ಚಿತ್ರಕ್ಕೆ ಸಿ. ರಾಮಚಂದ್ರ 1957ರಲ್ಲಿ ಮಾಡಿದ ‘ಈನಾ ಮೀನಾ ಡೀಕಾ’ದಂಥ ಹಾಡುಗಳಿಂದ ರಾಕ್ ಅಂಡ್ ರೋಲ್ ಧಾಟಿ ದೇಶದ ಮನೆಮನೆ ಮುಟ್ಟಿತು. ಆದರೆ ಜೋಡಿ ಹೆಜ್ಜೆ ರೇಡಿಯೊದಲ್ಲಿ ಬರುವಂಥದಲ್ಲ. ಅದು ಕೈಹಿಡಿದು ಕಲಿಸುವವರಿದ್ದ ಮನೆಗಳಲ್ಲಿ ಉಳಿಯಿತು. ಸ್ವಾತಂತ್ರ್ಯದ ನಂತರ ಆ ಕುಟುಂಬಗಳಲ್ಲಿ ಅನೇಕವು ಬ್ರಿಟನ್ನಿಗೆ, ಆಸ್ಟ್ರೇಲಿಯಾಕ್ಕೆ ಹೋದವು, ಕೆಲವು ಇಲ್ಲೇ ಉಳಿದವು. ಆ ಹಿರಿಯರ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಇಲ್ಲಿನ ಸಾಂಸ್ಕೃತಿಕ ಸಂಘಗಳೇ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಬಿನ್ನಹ. ದಾಖಲಿಸುವಾಗ ಕ್ಯಾಮೆರಾವನ್ನು ಮುಖದ ಮೇಲಷ್ಟೇ ಹಿಡಿಯದೆ ಕಾಲಿನ ಮೇಲೂ ಹಿಡಿಯಬೇಕು. ಯಾವ ಹಾಡು ಇಷ್ಟ ಎಂದು ಕೇಳುವ ಮೊದಲು ಹಿಂದಿನ ಹೆಜ್ಜೆಗೆ ಯಾವ ಕಾಲು, ತಿರುಗಿಸುವಾಗ ಕೈ ಎಷ್ಟು ಎತ್ತರಕ್ಕೆ, ಮೊದಲು ಕಲಿಸಿದವರು ಯಾರು ಎಂದು ಕೇಳಬೇಕು. ಎದ್ದು ನಿಲ್ಲಬಲ್ಲವರಿದ್ದರೆ ಕೈ ಹಿಡಿದು ಒಂದು ಸುತ್ತು ತೋರಿಸಿ ಎನ್ನಬೇಕು. ಹಿಡಿಯಲು ಹೋಗುವ ಸಂದರ್ಶಕರು ಆರು ಮಾತ್ರೆಯ ಲೆಕ್ಕವನ್ನು ಮೊದಲೇ ಕಲಿತು ಹೋಗಿರಬೇಕು.