ಹಣಕ್ಕೊಂದು ಬಾಗಿಲು, ದುಡಿಮೆಗೊಂದು ಬಾಗಿಲು
(ಶಿವಾರಪಟ್ಟಣದ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇವೆಂದು ಬಂದವರ ಮಾತಿಗೆ ಹೊಲ ಅಡವಿಡುವ ಮುನ್ನ, ಶಿವಾರಪಟ್ಟಣದ ಕಲ್ಲುಕೆಲಸದವರಾಗಲಿ ಮಾಲೂರಿನ ಕಾರ್ಖಾನೆಯವರಾಗಲಿ ಕಾನೂನು ತಿಳಿದಿರಬೇಕು.

ದುಬೈಯಲ್ಲಿ 20 ಲಕ್ಷ ದಿರ್ಹಮಿನ ಆಸ್ತಿ ಕೊಂಡ ಹಣವಂತನಿಗೆ ಹತ್ತು ವರ್ಷದ ವಾಸದ ಪರವಾನಗಿ ಸಿಗುತ್ತದೆ. ಅವನಿಗೆ ಯಾವ ಧಣಿಯ ಹಂಗೂ ಇಲ್ಲ. ಕೂಲಿಗಾರನ ಪರವಾನಗಿಯಾದರೋ ಕೆಲಸ ಕೊಟ್ಟ ಧಣಿಗೆ ಕಟ್ಟುಬಿದ್ದದ್ದು.

ಮೆಟ್ರಿಕ್ ಪಾಸಾಗದವರು ಅಲ್ಲಿ ದುಡಿಯಲು ಹೋಗಬೇಕಾದರೆ, 1983ರ ವಲಸೆ ಕಾಯಿದೆಯಂತೆ ಸಾಮಾನ್ಯವಾಗಿ ನಮ್ಮ ಸರ್ಕಾರದ ಅನುಮತಿ ಬೇಕು. ಅದನ್ನು ತಪ್ಪಿಸಿ ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆಂದವನನ್ನು ನಂಬಬೇಡಿ. ಆ ವೀಸಾದಲ್ಲಿ ದುಡಿಯುವುದು ಅಪರಾಧ.

ಏಜೆಂಟನ ನೋಂದಣಿ ಪತ್ರ ನೋಡಿ. ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಶುಲ್ಕ ಕೊಡಬೇಡಿ. ಕೊಟ್ಟದ್ದಕ್ಕೆ ರಸೀತಿ ಪಡೆಯಿರಿ. ಕರಾರನ್ನು ಓದಿಸಿಕೊಂಡೇ ರುಜು ಹಾಕಿ. ಓದಿ ಹೇಳಲು ನಾವಿದ್ದೇವೆ.